ಎಲ್ಲಕ್ಕೂ ಒಂದೇ ಲೆನ್ಸಂತೆ!

ಮಾರ್ಚ್ 3, ಸೋಮವಾರ

ಇವಳು ನನಗೆ ಕೈಕೊಟ್ಟಳು. ಅದೂ ನಡುಮದುವೆಯಲ್ಲಿ.

ಮದುವೆ ಹುಡುಗಿ ಅಪ್ಪನ ಮುಖ ನೋಡಿದ್ದಳು. ತುಟಿ ಅದುರುತ್ತಿತ್ತು. ಇನ್ನೊಂದು ಗಳಿಗೆಗೆ ಕಣ್ಣು ತುಂಬುವುದು ಖಂಡಿತ. ನಾನು ಕಣ್ಣನ್ನು ಅವಳಿಂದ ಕದಲಿಸದೆ ಎಂದಿನ ಹಾಗೆ ಎಡಗೈಯನ್ನು ಹಿಂದಕ್ಕೆ ಚಾಚಿದೆ. ನಾನು ಫೋಟೋಗ್ರಾಫರ್ ಆದ ಲಾಗಾಯ್ತು ಬಾಯಿಬಿಟ್ಟು ಲೆನ್ಸು ಕೇಳಿದವನಲ್ಲ. ಕೈ ಚಾಚಿದರೆ ಸಾಕು, ಬೇಕಾದ ಲೆನ್ಸು ಮುಚ್ಚಳ ಕಳಚಿಕೊಂಡು ಅಂಗೈಗೆ ಬಂದು ಕೂರುತ್ತಿತ್ತು. ಲೆನ್ಸುಗಳಿಗೆ ನಮ್ಮ ಮನೆಯಲ್ಲಿ ನಂಬರೇ ಹೆಸರು. ಗುಂಪಿಗೆ ಮೂವತ್ತೈದು, ಅಳುವ ಮುಖಕ್ಕೆ ಎಂಬತ್ತೈದು, ದೂರದಿಂದ ಕದ್ದು ತೆಗೆಯುವುದಕ್ಕೆ ಇನ್ನೂರು. ಯಾರು ಯಾವಾಗ ಅಳುತ್ತಾರೆಂದು ನನಗಿಂತ ಮೊದಲು ಇವಳಿಗೇ ಗೊತ್ತಾಗುತ್ತಿತ್ತು.

ಇವತ್ತು ಅಂಗೈಗೆ ಏನೂ ಬರಲಿಲ್ಲ. ಕಲ್ಲಿನ ನೆಲದ ಮೇಲೆ ಠಣ್ ಅಂತ ಸದ್ದು ಬಂತು. ನನ್ನ ಎಂಬತ್ತೈದು!

ಹುಡುಗಿ ಅಳುವುದನ್ನು ಬಿಟ್ಟು ನೆಲ ನೋಡಿದಳು. ಅವಳಪ್ಪನೂ ನೆಲ ನೋಡಿದ. ಇಡೀ ಹಾಲ್ ನೆಲ ನೋಡಿತು. ಮಾನ ಹೋಯಿತು.

ಮನೆಗೆ ಬಂದ ಮೇಲೆ ಕೇಳಿಯೇಬಿಟ್ಟೆ. "ಅಷ್ಟು ಜನರ ಮುಂದೆ ಕೈಕೊಟ್ಟುಬಿಟ್ಟೆಯಲ್ಲೇ!"

"ನಾನಲ್ಲ ರೀ ಕೈಕೊಟ್ಟಿದ್ದು. ನನ್ನ ಕೈಯೇ ನಂಗೆ ಕೈಕೊಡ್ತು" ಎಂದು ನಕ್ಕಳು.

ನಗುವ ವಿಷಯವೇ ಇದು? ಎಂಬತ್ತೈದರ ಗಾಜು ಅಂಚಿನಲ್ಲಿ ಬಿರುಕು ಬಿಟ್ಟಿದೆ. ಊಟ ಸೇರಲಿಲ್ಲ.

ಮಾರ್ಚ್ 5, ಬುಧವಾರ

ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಲತೋಳನ್ನು ಎತ್ತಿಸಿ, ತಿರುಗಿಸಿ, ಒತ್ತಿ ನೋಡಿದರು. ತೋಳು ಹೆಗಲ ಮಟ್ಟಕ್ಕೂ ಏರುತ್ತಿಲ್ಲ. ಎಷ್ಟೋ ತಿಂಗಳಿಂದ ಎಡಗೈಯಲ್ಲೇ ತಲೆ ಬಾಚಿಕೊಳ್ಳುತ್ತಿದ್ದಾಳಂತೆ. ನನಗೆ ಹೇಳುವುದಲ್ಲವೇ? ಯಾವ ಕೈಯಲ್ಲಿ ತಲೆ ಬಾಚುತ್ತಾಳೆ ಅಂತ ನನಗೇನು ಕನಸು ಬೀಳಬೇಕೇ?

"ಏನು ಕೆಲಸ ಮಾಡ್ತೀರಮ್ಮಾ?" ಎಂದು ಡಾಕ್ಟರು ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ. ಮನೇಲೇ ಇರ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಏನೂ ಇಲ್ಲ ಅಂದ್ರೇನು? ಇವಳಿಲ್ದೆ ಒಂದು ಮದುವೆ ಮಾಡಿದ್ದೀನಾ ನಾನು? ಮೂವತ್ತು ವರ್ಷದಿಂದ ಲೆನ್ಸ್ ಬ್ಯಾಗ್ ಪೂರ್ತಿ ಇವಳದೇ ಹೆಗಲ ಮೇಲಿದೆ ಸ್ವಾಮಿ! ಊಟಕ್ಕೆ ಕೂತರೂ ಕೆಳಗಿಡಲ್ಲ!" ಎಂದು ಹೇಳಿದೆ. ಹೇಳಬೇಕಾದ್ದೇ. ಮನೆಯಲ್ಲೇ ಇರುತ್ತಾಳಂತೆ!

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಹೌದಾ? ಎಷ್ಟು ಭಾರ ಇರುತ್ತೆ ಆ ಬ್ಯಾಗು?"

ನನಗೇನು ಗೊತ್ತು? ಹೊರುವವಳು ಇವಳು. ಇವಳ ಮುಖ ನೋಡಿದೆ. ಇವಳು ಫ್ಯಾನ್ ನೋಡುತ್ತಿದ್ದಳು.

ಇನ್ನು ಮೇಲೆ ಆ ಬ್ಯಾಗ್ ಎತ್ತುವ ಹಾಗಿಲ್ಲವಂತೆ. ಬಿಸಿ ಶಾಖ, ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ, ಮಾತ್ರೆ. ಡಾಕ್ಟರಿಗೇನು, ಬಾಯಿಗೆ ಬಂದದ್ದು ಹೇಳಿಬಿಡುತ್ತಾರೆ. ಅನುಭವಿಸುವವನು ನಾನು.

ಮಾರ್ಚ್ 6, ಗುರುವಾರ

ಬ್ಯಾಗನ್ನು ನಾನೇ ಎತ್ತಿ ಮೇಜಿನ ಮೇಲಿಟ್ಟೆ. ಅಬ್ಬಬ್ಬಾ! ಇವಳು ಒಳಗೆ ಏನೇನು ತುಂಬಿಸಿಟ್ಟಿದ್ದಾಳೋ, ಇವತ್ತು ಹಿಡಿದೇ ಬಿಡೋಣ ಎಂದು ಒಂದೊಂದಾಗಿ ತೆಗೆದೆ. ನನ್ನ ಲೆನ್ಸುಗಳು. ನನ್ನ ಫ್ಲ್ಯಾಶು. ನನ್ನ ಬಿಪಿ ಮಾತ್ರೆ. ನನ್ನ ಇನ್ನೊಂದು ಕನ್ನಡಕ. ರಚ್ಚೆ ಹಿಡಿಯುವ ಮಕ್ಕಳಿಗೆ ಪೆಪ್ಪರ್‌ಮೆಂಟು, ವಧುವಿನ ಬಟ್ಟೆ ಹರಿದರೆ ಸೂಜಿ ದಾರ. ಇವಳದು ಅಂತ ಸಿಕ್ಕಿದ್ದು ಒಂದು ಬಾಚಣಿಗೆ, ಅದೂ ಮದುವೆ ಗಂಡುಗಳಿಗಂತೆ. ಎಲ್ಲ ವಾಪಸು ಇಟ್ಟೆ.

ಸಂಜೆ ಮಗಳ ಫೋನು. ನಮ್ಮಿಬ್ಬರನ್ನೂ ಏಪ್ರಿಲ್‌ನಲ್ಲಿ ಸಮುದ್ರದ ದಂಡೆಗೆ ಕಳಿಸುತ್ತಿರುವವಳು ಅವಳೇ. ಬೆಟ್ಟದ ತುದಿಯಲ್ಲಿ ಹಳೆಯ ದೀಪಸ್ತಂಭವಂತೆ, ಸುತ್ತ ನೀರಂತೆ. ಕೆಲಸವಿಲ್ಲದೆ ನಾವು ಹೊರಡುತ್ತಿರುವ ಮೊದಲ ಪ್ರಯಾಣ. ಅಮ್ಮ ಮಗಳು ಮೊದಲೇ ಗುಸುಗುಸು ಮಾಡಿಕೊಂಡಿದ್ದರೆಂದು ಕಾಣುತ್ತದೆ.

"ಅಪ್ಪಾ, ಆ ಮೂಟೆಯೆಲ್ಲ ಯಾಕೆ? ಆಲ್ ಇನ್ ಒನ್ ಜೂಮ್ ಅಂತ ಬರುತ್ತಲ್ಲ, ಒಂದೇ ಲೆನ್ಸು, ಎಲ್ಲಕ್ಕೂ ಆಗುತ್ತೆ."

"ಎಲ್ಲಕ್ಕೂ ಒಂದೇ ಚಪ್ಪಲಿ ಹಾಕ್ಕೊಂಡು ಓಡಾಡ್ತೀಯೇನಮ್ಮಾ ನೀನು?" ಎಂದೆ.

"ಹೌದಪ್ಪಾ" ಎಂದಳು. ನಾನು ಹೆತ್ತ ಮಗಳು!

ಇವಳು ಅಡಿಗೆಮನೆಯಿಂದಲೇ ತೀರ್ಪು ಕೊಟ್ಟಳು. "ಬ್ಯಾಗು ಬಂದ್ರೆ ನಾನು ಬರಲ್ಲ. ಒಂದು ಲೆನ್ಸು, ನಿಮ್ಮ ಕತ್ತಿಗೆ. ಅಷ್ಟೇ."

ಮಾರ್ಚ್ 9, ಭಾನುವಾರ

ಕ್ಯಾಮೆರಾ ಅಂಗಡಿಗೆ ಹೋಗಿದ್ದೆ. ಕೊಳ್ಳುವುದಕ್ಕಲ್ಲ, ಬೈಯುವುದಕ್ಕೆ. ಅಂಗಡಿಯವನನ್ನು ನಾವೆಲ್ಲ ಫಿಲ್ಟರ್ ಎಂದೇ ಕರೆಯುವುದು. ಬ್ಯಾಟರಿ ಕೇಳಿದರೂ "ಫಿಲ್ಟರ್ ಬೇಡ್ವಾ ಸಾರ್?" ಎನ್ನುವ ಆಸಾಮಿ.

ಇಪ್ಪತ್ತೆಂಟರಿಂದ ಇನ್ನೂರರವರೆಗೆ ಹೋಗುವ ಒಂದು ಲೆನ್ಸು ತೆಗೆದಿಟ್ಟ. "ಎಲ್ಲ ಸಬ್ಜೆಕ್ಟಲ್ಲೂ ಪಾಸು ಸಾರ್ ಇದು. ಯಾವುದ್ರಲ್ಲೂ ರ‍್ಯಾಂಕ್ ಬರಲ್ಲ, ಅಷ್ಟೇ."

ರ‍್ಯಾಂಕ್ ವಿದ್ಯಾರ್ಥಿಗಳನ್ನು ಮನೆಯಲ್ಲಿಟ್ಟುಕೊಂಡು ಈ ಜಸ್ಟ್ ಪಾಸನ್ನು ಕಟ್ಟಿಕೊಂಡು ಹೋಗಬೇಕೇ? ಉಂಗುರ ತಿರುಗಿಸಿದರೆ ಮೂತಿ ಮುಂದಕ್ಕೆ ಬರುತ್ತದೆ. ಮೂತಿ ಮುಂದೆ ಬಂದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಕತ್ತಿಗೆ ನೇತುಹಾಕಿದರೆ ತನ್ನ ಭಾರಕ್ಕೆ ತಾನೇ ಜಾರಿ ಉದ್ದವಾಗುತ್ತದೆ. ಹಾಗಾಗದಿರಲೆಂದು ಪಕ್ಕದಲ್ಲಿ ಒಂದು ಲಾಕು ಬೇರೆ ಕೊಟ್ಟಿದ್ದಾರೆ! ನೆಟ್ಟಗೆ ನಿಲ್ಲಲೂ ಬಾರದ ಲೆನ್ಸಿಗೆ ಬೀಗ ಹಾಕಿ ಕರೆದುಕೊಂಡು ಹೋಗಬೇಕು.

"ಹತ್ತು ದಿನ ಬಾಡಿಗೆಗೆ ತಗೊಂಡು ನೋಡಿ ಸಾರ್" ಎಂದ. ಇದರ ಬಣ್ಣ ಬಯಲು ಮಾಡಲೆಂದೇ ತಂದಿದ್ದೇನೆ. ಫಿಲ್ಟರ್ ತೆಗೆದುಕೊಳ್ಳಲಿಲ್ಲ.

ಮಾರ್ಚ್ 11, ಮಂಗಳವಾರ

ಲೆನ್ಸಿನ ಯೋಗ್ಯತೆ ನೋಡುವುದಕ್ಕೆ ಇಟ್ಟಿಗೆ ಗೋಡೆಯಷ್ಟು ಒಳ್ಳೆಯ ಪರೀಕ್ಷೆ ಬೇರೆ ಇಲ್ಲ. ಸಾಲುಗಳು ಬಾಗಿದರೆ ಬಾಗಿದ್ದು ಕಾಣುತ್ತದೆ, ಮೂಲೆ ಮಸುಕಾದರೆ ಮಸುಕಾದ್ದು ಕಾಣುತ್ತದೆ. ಪಕ್ಕದ ಮನೆಯವರ ಹೊರಗೋಡೆಗೆ ಗಾರೆ ಹಾಕಿಲ್ಲ. ಸ್ಟ್ಯಾಂಡ್ ಹಾಕಿ, ಮಟ್ಟ ನೋಡಿ, ಗೋಡೆಯನ್ನು ಇಪ್ಪತ್ತೆಂಟರಲ್ಲಿ, ಐವತ್ತರಲ್ಲಿ, ನೂರರಲ್ಲಿ ತೆಗೆಯುತ್ತಾ ಬಂದೆ.

ಇನ್ನೂರಕ್ಕೆ ಬರುವಷ್ಟರಲ್ಲಿ ಆ ಮನೆಯಾಕೆ ಸೊಂಟಕ್ಕೆ ಕೈಯಿಟ್ಟು ಹೊರಗೆ ಬಂದರು. "ಯಾಕ್ರೀ ನಮ್ಮ ಗೋಡೆ ಫೋಟೋ? ಕೋರ್ಟಿಗೆ ಹಾಕ್ಬೇಕೂಂತಾನಾ? ನಮ್ಮ ಜಾಗದಲ್ಲೇ ಕಟ್ಟಿರೋದು, ಪತ್ರ ಇದೆ!"

"ಗೋಡೆ ಅಲ್ಲಮ್ಮಾ, ಲೆನ್ಸ್ ನೋಡ್ತಿದ್ದೀನಿ."

"ಲೆನ್ಸ್ ನೋಡೋಕೆ ನಮ್ಮ ಗೋಡೆ ಯಾಕೆ? ನಿಮ್ಮ ಗೋಡೆ ಇಲ್ವಾ?"

"ನಮ್ಮದಕ್ಕೆ ಗಾರೆ ಆಗಿದೆ."

ಅದು ಅವರಿಗೆ ಚುಚ್ಚಿತೆಂದು ಕಾಣುತ್ತದೆ. ರಂಪವಾಯಿತು. ಕೊನೆಗೆ ಇವಳೇ ಹೋಗಿ ಏನೋ ಹೇಳಿ ಸಮಾಧಾನ ಮಾಡಿದಳು. ಏನು ಹೇಳಿದೆಯೇ ಎಂದರೆ, "ರಿಟೈರ್ ಆಗೋ ವಯಸ್ಸು, ಹೀಗೆ ಏನಾದ್ರೂ ಮಾಡ್ತಿರ್ತಾರೆ ಅಂದೆ" ಎಂದಳು.

ಫಲಿತಾಂಶ: ಇಪ್ಪತ್ತೆಂಟರಲ್ಲಿ ಗೋಡೆ ಹೊಟ್ಟೆ ಬಂದವರ ಹಾಗೆ ಉಬ್ಬುತ್ತದೆ. ಇನ್ನೂರರಲ್ಲಿ ಮೂಲೆ ಮಸುಕು. ನಾನು ಹೇಳಿದ್ದೇ ಸರಿ. ನಡುವಿನಲ್ಲಿ ಮಾತ್ರ, ಪರವಾಗಿಲ್ಲ.

ಮಾರ್ಚ್ 15, ಶನಿವಾರ

ಇವತ್ತು ನಡೆದದ್ದನ್ನು ಯಾರಿಗೂ ಹೇಳಿಲ್ಲ.

ಬಾಡಿಗೆ ಲೆನ್ಸು ಹಾಕಿಕೊಂಡು ಒಬ್ಬನೇ ಮಾರುಕಟ್ಟೆ ರಸ್ತೆಗೆ ಹೋಗಿದ್ದೆ. ಬಸ್ ಸ್ಟಾಪಿನಲ್ಲಿ ಒಬ್ಬ ಮುದುಕ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಬೆಳಕು ಅವನ ಕೆನ್ನೆಯ ಮೇಲೆ ಹದವಾಗಿ ಬಿದ್ದಿತ್ತು. ಎಂಬತ್ತೈದು ಬೇಕು ಅನ್ನಿಸಿತು. ಉಂಗುರ ತಿರುಗಿಸಿದರೆ ಎಂಬತ್ತೈದು ಅಲ್ಲೇ ಇದೆ. ಆದರೆ ಹಾಳಾದ ಕೈ! ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಹೋಗಿ ಅಂಗೈ ಬಿಚ್ಚಿ ನಿಂತಿತು.

ಅಂಗೈಗೆ ಧೊಪ್ಪನೆ ಏನೋ ಬಂದು ಕೂತಿತು. ತಿರುಗಿ ನೋಡಿದರೆ ತರಕಾರಿ ಚೀಲ. ಬಸ್ಸಿನಿಂದ ಇಳಿಯುತ್ತಿದ್ದ ಅಜ್ಜಿಯೊಬ್ಬರು, "ಬಹಳ ಉಪಕಾರ ಆಯ್ತು ಕಣಪ್ಪಾ, ಈಗಿನ ಕಾಲದಲ್ಲಿ ಯಾರು ಕೈ ಚಾಚ್ತಾರೆ?" ಎನ್ನುತ್ತಾ ಇಳಿದು, ನನ್ನ ಮುಂದೆಯೇ ಕೈ ಬೀಸಿಕೊಂಡು ಹೊರಟೇಬಿಟ್ಟರು. ಕೂಗಿ ಹೇಳಲೂ ಆಗದು, ಚೀಲ ಕೆಳಗಿಡಲೂ ಆಗದು. ಸೊಸೆಯ ಮೇಲಿನ ದೂರು ಕೇಳುತ್ತಾ ಅವರ ಮನೆ ಬಾಗಿಲವರೆಗೂ ಹೊತ್ತೆ. ಬಿಟ್ಟಿ ಕೂಲಿ!

ಚೀಲದಲ್ಲಿ ಬರೀ ಕುಂಬಳಕಾಯಿಯೇ ಇತ್ತೋ ಏನೋ. ಬೆರಳಲ್ಲಿ ಬರೆ ಎದ್ದಿದೆ, ಹೆಗಲು ಈಗಲೂ ಜಗ್ಗುತ್ತಿದೆ. ಸಂಜೆ ಇವಳು ಶಾಖ ತೆಗೆದುಕೊಂಡಾದ ಮೇಲೆ ಆ ಬಿಸಿನೀರಿನ ಚೀಲವನ್ನು ಸುಮ್ಮನೆ ಸ್ವಲ್ಪ ಹೊತ್ತು ನನ್ನ ಹೆಗಲ ಮೇಲೂ ಇಟ್ಟುಕೊಂಡೆ. ಅದು ಬೇಗ ಆರಿಹೋಗುತ್ತದೆ. ನಾಳೆಯಿಂದ ನೀರು ಇನ್ನೂ ಬಿಸಿ ಇರಲಿ ಅಂತ ಹೇಳಿದೆ, ನಾನೇ ಕಾಯಿಸಿಕೊಡುತ್ತೇನೆ ಅಂದೆ.

ಮುದುಕನ ಫೋಟೋ ತಪ್ಪಿಹೋಯಿತು.

ಮಾರ್ಚ್ 18, ಮಂಗಳವಾರ

ಬಾಡಿಗೆ ಲೆನ್ಸು ವಾಪಸು ಕೊಟ್ಟು ಬಂದು ಘೋಷಿಸಿದೆ. "ಸರಿ. ನಿನ್ನ ಕೈಲಾಗಲ್ಲ ತಾನೇ? ಬ್ಯಾಗ್ ನಾನೇ ಹೊರ್ತೀನಿ. ಮುಗೀತಲ್ಲ?"

ಇದಕ್ಕಿಂತ ದೊಡ್ಡ ಮನಸ್ಸು ಯಾವ ಗಂಡನಿಗಿದೆ? ಇವಳು ಸಂತೋಷಪಡಬೇಕೋ ಬೇಡವೋ?

"ಹೊರ್ತೀರಿ" ಎಂದಳು. "ಹೊತ್ಕೊಂಡು ಹೋಗಿ, ಎರಡು ಹೆಜ್ಜೆಗೊಂದ್ಸಲ ಬಗ್ಗಿ, ಜಿಪ್ ತೆಗೆದು, ಇದನ್ನ ಹಿಡ್ಕೋ ಅದನ್ನ ಹಿಡ್ಕೋ ಅಂತೀರಿ. ನಾನು ಮುಚ್ಚಳ ಹಿಡ್ಕೊಂಡು ನಿಮ್ಮ ಹಿಂದೆ ನಿಲ್ಬೇಕು. ಎಷ್ಟು ಊರು ಸುತ್ತಿದ್ದೀವಿ ರೀ ನಾವು? ನಾನು ನೋಡಿದ್ದು ಬರೀ ನಿಮ್ಮ ಬೆನ್ನು."

ನನ್ನ ಬೆನ್ನಿಗೇನಾಗಿದೆ?

"ಹಾಗಾದ್ರೆ ನಾನೊಬ್ನೇ ಹೋಗ್ತೀನಿ" ಎಂದೆ. ಹೆದರಿಸಲೆಂದು ಹೇಳಿದ ಮಾತು. ಯಾರಿಗಾದರೂ ಗೊತ್ತಾಗುತ್ತದೆ.

ಇವಳು ನನ್ನೆದುರಿಗೇ ಮಗಳಿಗೆ ಫೋನು ಹಚ್ಚಿದಳು. "ನನ್ನ ಟಿಕೆಟ್ ವಾಪಸ್ ಮಾಡ್ಸಮ್ಮಾ. ಅಪ್ಪ ಅವರ ಲೆನ್ಸ್‌ಗಳನ್ನ ಕರ್ಕೊಂಡು ಹೋಗಿ ಬರ್ಲಿ. ನಾನು ಮನೇಲಿ ಆರಾಮಾಗಿ ಮಲಗಿರ್ತೀನಿ." ಕೂಗಾಡಲಿಲ್ಲ, ಅಳಲಿಲ್ಲ. ಅಕ್ಕಿ ಮುಗಿದಿದೆ ಅಂತ ಹೇಳುವ ಧಾಟಿಯಲ್ಲೇ ಹೇಳಿದಳು. ಅದೇ ನನಗೆ ತಡೆಯಲಾಗದ್ದು.

ಮಾರ್ಚ್ 19, ಬುಧವಾರ

ಮಾತಿಲ್ಲ. ನೀರು ಕಾಯಿಸಿ ಕೊಟ್ಟೆ. ತೆಗೆದುಕೊಂಡಳು. ಮಾತಿಲ್ಲ.

ಮಾರ್ಚ್ 20, ಗುರುವಾರ

ಗೋಡೆಗೆ ಬೆರಳು ಹತ್ತಿಸುವ ವ್ಯಾಯಾಮ ಮಾಡುತ್ತಿದ್ದಳು. ನಿನ್ನೆಗಿಂತ ಒಂದು ಗೇಣು ಮೇಲೆ ಹೋಗಬೇಕಂತೆ, ಹೋಗುತ್ತಿಲ್ಲ. ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟೆ. ಒಂದು ಗೇಣು ಹೇಗೆ ಹೋಗುತ್ತದೆ ಒಂದೇ ದಿನಕ್ಕೆ? ಆ ಡಾಕ್ಟರಿಗೆ ಬುದ್ಧಿ ಇದೆಯೇ?

ಮಾರ್ಚ್ 22, ಶನಿವಾರ

ಲೆನ್ಸು ಕೊಂಡೆ. ಯಾರ ಮಾತಿಗೂ ಅಲ್ಲ. ಸಮುದ್ರದ ಹತ್ತಿರ ಲೆನ್ಸು ಬದಲಾಯಿಸಿದರೆ ಉಪ್ಪುಗಾಳಿ, ಮರಳು ಎಲ್ಲ ಕ್ಯಾಮೆರಾದ ಒಳಗೆ ಹೋಗುತ್ತದೆ. ಯೋಚನೆ ಮಾಡಿದರೆ ಒಂದೇ ಲೆನ್ಸು ಒಯ್ಯುವುದೇ ಶಾಸ್ತ್ರೀಯವಾಗಿ ಸರಿ. ಇದನ್ನು ಮೊದಲೇ ಹೇಳುವ ಬುದ್ಧಿ ಒಬ್ಬರಿಗೂ ಇರಲಿಲ್ಲ.

ಇವಳೂ ಜೊತೆಗೆ ಬಂದಿದ್ದಳು, ಅದೇ ರಸ್ತೆಯಲ್ಲಿ ಔಷಧಿ ಅಂಗಡಿ ಇದೆ ಅಂತ. ಫಿಲ್ಟರ್ ಎರಡು ಲೆನ್ಸು ಇಟ್ಟ. ಒಂದು ಮೊದಲಿನ ಇನ್ನೂರರದು. ಇನ್ನೊಂದು ಮುನ್ನೂರರವರೆಗೂ ಹೋಗುತ್ತದೆ, ಗಟ್ಟಿಮುಟ್ಟು, ಕೈಗೆ ತೂಕ ಸಿಗುತ್ತದೆ. ಕೊಳ್ಳುವುದೇ ಆದರೆ ಮುನ್ನೂರು ಎಂದು ನಾನು ಮನಸ್ಸು ಮಾಡಿಯಾಗಿತ್ತು.

"ಮೇಡಂ, ನೀವೂ ಒಂದ್ಸಲ ನೋಡಿ" ಎಂದು ಆ ಫಿಲ್ಟರ್ ಕ್ಯಾಮೆರಾವನ್ನು ಇವಳ ಕೈಗಿತ್ತ. ನನ್ನ ಕ್ಯಾಮೆರಾವನ್ನು, ನನ್ನನ್ನು ಕೇಳದೆ! ಇವಳು ಲೆನ್ಸು ಮುಟ್ಟಿದವಳೇ ಹೊರತು ಅದರೊಳಗೆ ನೋಡಿದವಳಲ್ಲ. ಕಣ್ಣಿಗೆ ಹಿಡಿದು ಉಂಗುರ ತಿರುಗಿಸಿದವಳು ಕಿಸಕ್ಕನೆ ನಕ್ಕಳು. "ರೀ! ಎದುರು ಮಹಡಿ ಮೇಲೆ ಒಬ್ಬಾಕೆ ಬಟ್ಟೆ ಒಣಗಿಸ್ತಿದ್ದಾಳೆ. ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡಿರೋದೂ ಕಾಣುತ್ತೆ!" ಮತ್ತೆ ಅಗಲಕ್ಕೆ ತಂದಳು, ಮತ್ತೆ ಹತ್ತಿರಕ್ಕೆ ಎಳೆದಳು. "ಇಷ್ಟು ಮಜಾ ಇರುತ್ತಾ ಇದರಲ್ಲಿ? ನೀವು ಹೇಳಲೇ ಇಲ್ವಲ್ಲ!"

ಆಮೇಲೆ ಮುನ್ನೂರರದನ್ನು ಹಾಕಿಕೊಟ್ಟ. ಅದನ್ನು ಎತ್ತಿದವಳು ಮೇಜಿನ ಮೇಲೆ ಮೊಣಕೈ ಊರಿದಳು. ಸ್ವಲ್ಪ ಹೊತ್ತಿಗೆ ಕೆಳಗಿಟ್ಟಳು.

ಇನ್ನೂರರದನ್ನು ಕಟ್ಟಿಸಿಕೊಂಡು ಬಂದೆ. ಮುನ್ನೂರರದಕ್ಕಿಂತ ಇದರ ಮೂಲೆಗಳು ಸ್ವಲ್ಪ ಚೂಪು. ಸ್ವಲ್ಪ ಅಂದರೆ ಬಹಳ ಸ್ವಲ್ಪ. ಆದರೂ ವ್ಯತ್ಯಾಸ ವ್ಯತ್ಯಾಸವೇ. ಆಸಾಮಿ ಒಂದು ಫಿಲ್ಟರನ್ನೂ ತಗುಲಿಸಿಬಿಟ್ಟ, ಇವಳು ಹೂಂ ಅಂದುಬಿಟ್ಟಳು.

ಮಗಳಿಗೆ ಫೋನ್ ಮಾಡಿ ಅಮ್ಮನ ಟಿಕೆಟ್ ಮತ್ತೆ ಮಾಡಿಸು ಎಂದೆ. ವಾಪಸ್ ಮಾಡಿಸಿಯೇ ಇರಲಿಲ್ಲವಂತೆ. "ನಿಮ್ಮಿಬ್ರ ಜಗಳ ಮುಗೀಲಿ ಅಂತ ಕಾಯ್ತಿದ್ದೆ ಅಪ್ಪಾ." ಇಷ್ಟು ದಿನ ನನ್ನನ್ನು ಸುಮ್ಮಸುಮ್ಮನೆ ಬೇಯಿಸಿದಳಲ್ಲ!

ಏಪ್ರಿಲ್ 2, ಬುಧವಾರ

ಪೆಟ್ಟಿಗೆ ಕಟ್ಟಿದ್ದಾಯಿತು. ಒಂದು ಐವತ್ತನ್ನು ಮಾತ್ರ ಕಾಲುಚೀಲದೊಳಗೆ ತುರುಕಿ ತಳದಲ್ಲಿಟ್ಟಿದ್ದೆ. ಅಂಗೈಯಷ್ಟು ಪುಟ್ಟದು, ಕಷ್ಟಕಾಲಕ್ಕೆ ಇರಲಿ ಅಂತ. ಕೊನೆಗೆ ಇವಳ ಬಿಸಿನೀರಿನ ಚೀಲಕ್ಕೆ ಜಾಗವೇ ಸಾಲದು. "ಬಿಡಿ, ನಾಲ್ಕು ದಿನ ತಾನೇ, ನಡೆಯುತ್ತೆ" ಎಂದಳು. ನಡೆಯುತ್ತಂತೆ! ನಡೆಯುತ್ತೆ ನಡೆಯುತ್ತೆ ಅಂದೇ ಈ ಗತಿ ತಂದುಕೊಂಡಿದ್ದು.

ಐವತ್ತನ್ನು ತೆಗೆದು ಬೀರುವಿಗೆ ಹಾಕಿದೆ. ಆ ಚೀಲ ಮಾಡಿದವನಿಗೆ ಆಕಾರದ ಪರಿಜ್ಞಾನವೇ ಇಲ್ಲ, ಹೇಗೆ ಮಡಚಿದರೂ ಒಂದು ಮೂಲೆ ಎದ್ದು ನಿಲ್ಲುತ್ತದೆ.

ಏಪ್ರಿಲ್ 5, ಶನಿವಾರ

ಇವತ್ತು ನನ್ನ ಜೀವಮಾನದ ಒಂದು ಫೋಟೋ ತಪ್ಪಿಹೋಯಿತು. ಇದನ್ನು ಬರೆದಿಡಲೇಬೇಕು.

ದೀಪಸ್ತಂಭಕ್ಕೆ ಬೆಟ್ಟದ ಮೈಯಲ್ಲೇ ಕಲ್ಲಿನ ಮೆಟ್ಟಿಲು ಕಡಿದಿದ್ದಾರೆ. ಬಲಗಡೆ ಮಾತ್ರ ಕಬ್ಬಿಣದ ಕಂಬಿ, ಅದೂ ಹೆಗಲೆತ್ತರಕ್ಕೆ. ಯಾವ ಪುಣ್ಯಾತ್ಮ ಹಾಕಿದನೋ, ಎಡಗಡೆ ಹಾಕಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಇವಳು, "ನಿಮ್ಮ ಬೆನ್ನು ಇವತ್ತು ಹಿಂದೆ ಇರ್ಲಿ" ಎಂದು ಸೆರಗು ಸಿಕ್ಕಿಸಿಕೊಂಡು ನನಗಿಂತ ಮುಂದೆ ಹತ್ತಿಹೋದಳು. ನಾನು ಕೆಳಗೇ ನಿಂತೆ. ಬಿಸಿಲು ಓರೆಯಾಗಿ ಬೀಳುವ ಹೊತ್ತು. ಮೇಲೆ ಬಿಳಿಯ ಸ್ತಂಭ, ಆಚೆ ನೀರು, ನಡುವೆ ಮೆಟ್ಟಿಲು. ಇಪ್ಪತ್ತೆಂಟರಲ್ಲಿ ಎಲ್ಲವೂ ಒಳಗೆ ಬಂತು. ಗೋಡೆಯೇನೂ ಇಲ್ಲವಾದ್ದರಿಂದ ಉಬ್ಬಿದ್ದು ಗೊತ್ತಾಗಲಿಲ್ಲ. ಅದರಲ್ಲಿ ಇವಳು ಒಂದು ಚುಕ್ಕೆ.

ಉಂಗುರ ತಿರುಗಿಸಿದೆ. ಐವತ್ತು, ಎಂಬತ್ತೈದು, ನೂರು. ಚುಕ್ಕೆ ಇವಳಾಯಿತು. ಕೂದಲು ಗಾಳಿಗೆ ಹಾರುತ್ತಿತ್ತು, ಹೆಗಲ ಮೇಲೆ ಏನೂ ಇರಲಿಲ್ಲ. ಇವಳ ಹೆಗಲು ಖಾಲಿ ಇದ್ದದ್ದನ್ನು ಹೊರಗಡೆ ನಾನು ನೋಡಿದ ನೆನಪಿಲ್ಲ. ಎಷ್ಟು ಸಣ್ಣ ಹೆಗಲು! ಅಷ್ಟರಲ್ಲಿ ಇವಳು ನಿಂತಳು. ತಿರುಗಿ ನೋಡಲಿಲ್ಲ. ಸಮುದ್ರದಿಂದ ಕಣ್ಣು ಕದಲಿಸದೆ ಎಡಗೈಯನ್ನು ಹಿಂದಕ್ಕೆ ಚಾಚಿ ಅಂಗೈ ಬಿಚ್ಚಿದಳು.

ನನ್ನನ್ನು ಅಣಕಿಸುತ್ತಿದ್ದಾಳೆ! ಎಂಥ ಸಿಟ್ಟು ಬಂತೆಂದರೆ, ಇದನ್ನೇ ತೆಗೆದು ಮಗಳಿಗೆ ಕಳಿಸುತ್ತೇನೆ, ನೋಡು ನಿನ್ನ ಅಮ್ಮನ ಬುದ್ಧಿ ಅಂತ, ಎಂದುಕೊಂಡು ಪೂರ್ತಿ ಇನ್ನೂರಕ್ಕೆ ಎಳೆದೆ.

ಇನ್ನೂರರಲ್ಲಿ ಕಂಡಿತು. ಬಲಗೈ ಕಂಬಿಯ ಕಡೆ ಏರಲು ನೋಡಿ, ಏರಲಾರದೆ ಎದೆಗೆ ಅವಚಿಕೊಂಡಿತ್ತು. ಮುಂದಿನ ಮೆಟ್ಟಿಲು ಎತ್ತರದ್ದು. ಚಾಚಿದ ಕೈಯ ಬೆರಳುಗಳು ಒಂದು ಸಲ ಮುಚ್ಚಿ ಮತ್ತೆ ಬಿಚ್ಚಿದವು. ಹಿಂದೆ ಯಾರೋ ಇದ್ದೇ ಇರುತ್ತಾರೆ ಅಂತ ನಂಬಿ ನಿಂತಿದ್ದಾಳೆ ಮಹರಾಯ್ತಿ! ನೋಡಬೇಡವೇ ಒಂದು ಸಲ ತಿರುಗಿ? ಯಾರೂ ಇಲ್ಲ ಹಿಂದೆ!

ಬೆಳಕು ಕೈಯ ಮೇಲೆ ಸರಿಯಾಗಿ ಬಿದ್ದಿತ್ತು. ಮಸುಕು ಮೂಲೆ ಗೀಲೆ ಎಲ್ಲ ನೆನಪೇ ಆಗಲಿಲ್ಲ. ಒತ್ತಿದ್ದರೆ ಆಯಿತು, ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಕ್ಯಾಮೆರಾವನ್ನು ಕತ್ತಿಗೆ ಬಿಟ್ಟು ಮೆಟ್ಟಿಲು ಹತ್ತಿ ಓಡಿದೆ, ಈ ವಯಸ್ಸಿನಲ್ಲಿ, ಬಿಪಿ ಇಟ್ಟುಕೊಂಡು. ಏದುಸಿರು ಬಿಡುತ್ತಾ ಹೋಗಿ ಕೈ ಕೊಟ್ಟೆ.

ಇವಳು ಆಗಲೂ ತಿರುಗಲಿಲ್ಲ. "ಎಷ್ಟು ಹೊತ್ತು ರೀ! ನಾನು ಯಾವತ್ತಾದ್ರೂ ಇಷ್ಟು ತಡ ಮಾಡಿದ್ನಾ?"

ತಕ್ಕ ಉತ್ತರ ಬಾಯಿಗೆ ಬಂದಿತ್ತು. ಉಸಿರು ಸಾಲಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿದೆವು. ಆ ದರಿದ್ರ ಲೆನ್ಸು ಜಾರಿ ಜಾರಿ ಪೂರ್ತಿ ಉದ್ದವಾಗಿ ಹೆಜ್ಜೆಹೆಜ್ಜೆಗೂ ಹೊಟ್ಟೆಗೆ ಬಡಿಯುತ್ತಿತ್ತು. ಲಾಕು ಹಾಕಬೇಕಿತ್ತು. ನನ್ನ ಬಲಗೈ ಕಂಬಿಯ ಮೇಲಿತ್ತು, ಎಡಗೈ ಇವಳ ಕೈಯಲ್ಲಿತ್ತು. ಹಾಕಲು ಕೈ ಖಾಲಿ ಇರಲಿಲ್ಲ.